ಒಂದು ಠಿಣ್

ಗ್ಯಾಂಬಿಯಾದಲ್ಲಿ, ನದಿಯ ಈ ದಂಡೆಯಲ್ಲಿ,
ಮತವೆಂದರೆ ಗೋಲಿ.
ಹುಡುಗರು ಆಡುತ್ತಾರಲ್ಲ, ಅದೇ ಗಾಜಿನದು.
ನಾನು ಕೊಡುವವನು. ಒಬ್ಬರಿಗೆ ಒಂದು.
ಬೆರಳಿಗೆ ಶಾಯಿ. ಒಳಗೆ ಹೋಗಿ.

ಪರದೆಯ ಆಚೆ ಮೂರು ಪೀಪಾಯಿ,
ನೀಲಿ, ಕಿತ್ತಳೆ, ನೇರಳೆ,
ಮೈಮೇಲೆ ಒಂದೊಂದು ಮುಖ ಅಂಟಿಸಿಕೊಂಡು
ಗೋಲಿ ಹಿಡಿಸುವಷ್ಟೇ ಬಾಯಿ ತೆರೆದು ಕೂತಿವೆ.
ಹೊಟ್ಟೆಯೊಳಗೊಂದು ಗಂಟೆ.
ಬಿದ್ದರೆ ಠಿಣ್.
ಎರಡು ಸಲ ಠಿಣ್ ಅಂದರೆ ಕಳ್ಳ.
ಅದಕ್ಕೇ ಇವತ್ತು ಮತಗಟ್ಟೆಯ ಸುತ್ತ ಸೈಕಲ್ಲು ಬರಕೂಡದು,
ಅದರ ಬೆಲ್ಲೂ ಹೀಗೇ ಕೂಗುತ್ತದೆ.

ಯಾವ ಪೀಪಾಯಿ ಎಂದು ಕಿವಿಗೆ ತಿಳಿಯದು.
ಎಷ್ಟು ಹೊತ್ತು, ಅದು ಮಾತ್ರ ತಿಳಿಯುತ್ತದೆ.

ದೋಣಿಗಳ ಧಣಿ ಮೋಮಾರ್ ಸೆಕ್ಕಾ:
ಪರದೆ ಇನ್ನೂ ಅಲುಗುತ್ತಿರುವಾಗಲೇ ಠಿಣ್.
ಅವನದು ಮನೆಯಲ್ಲೇ ಬಿದ್ದಾಗಿತ್ತು,
ಬಹುಶಃ ಅವನಪ್ಪನ ಕಾಲದಲ್ಲೇ.

ಗ್ಯಾರೇಜಿನ ಹುಡುಗ ಪಾ ಮೊದೂ, ಮೊದಲ ಸಲದವನು,
ಗೋಲಿಯನ್ನು ಬೆಳಕಿಗೆ ಹಿಡಿದು ನೋಡಿದ.
"ಇದನ್ನ ನಾನೇ ಇಟ್ಟುಕೊಂಡರೆ?"
ಇಟ್ಟುಕೊಳ್ಳುವ ಹಾಗಿಲ್ಲ ಎಂದೆ.
ಹತ್ತು ಎಣಿಸುವಷ್ಟರಲ್ಲಿ ಠಿಣ್,
ಹೊರಬಂದವನ ಮುಖ, ಏನೋ ಬಿಟ್ಟುಬಂದವನ ಹಾಗೆ.

ಆಮೇಲೆ ತಿದಾ ಮಾಂಗಾ.
ಕಾಂಡ್ಲಾ ಬೇರುಗಳಿಂದ ಸಿಂಪಿ ಕೊಯ್ಯುವವಳು.
ಅಂಗೈ ತುಂಬ ಗೀರು.
ಗೋಲಿ ಆ ಗೀರುಗಳ ನಡುವೆ ಉರುಳಿ
ತಾನೇ ಒಂದು ಜಾಗ ಹುಡುಕಿಕೊಂಡಿತು.
ಒಳಗೆ ಹೋದಳು.

ಇಪ್ಪತ್ತು ಎಣಿಸಿದೆ.
ನೀಲಿಯವನು ತಬಸ್ಕಿ ಹಬ್ಬಕ್ಕೆ ಅಕ್ಕಿ ಹಂಚಿದವನು.
ಮೂಟೆಯ ಮೇಲೂ ಅವನದೇ ಮುಖ.
ಅಕ್ಕಿ ಮುಗಿದು, ಆ ಮುಖ ಈಗ
ತಿದಾಳ ಕೋಳಿಗೂಡಿನ ಬಾಗಿಲು.

ಮೂವತ್ತು.
ಕಿತ್ತಳೆಯವನು ಸೇತುವೆಯ ಮಾತಾಡಿದವನು.
ಎಷ್ಟು ಚೆನ್ನಾಗಿ ಆಡಿದನೆಂದರೆ
ನಾವೆಲ್ಲ ಅದರ ಮೇಲೆ ಅರ್ಧ ದಾರಿ ನಡೆದೂ ಬಿಟ್ಟಿದ್ದೆವು.
ಅಲ್ಲಿಂದ ಹಿಂದಿರುಗುವುದೇ ಕಷ್ಟವಾಯಿತು.

ನಲವತ್ತು.
ನೇರಳೆಯವನು ಏನೂ ಕೊಡಲಿಲ್ಲ.
ದೋಣಿ ಕೆಸರಿಗೆ ಸಿಕ್ಕಾಗ ಇಳಿದು
ಎಲ್ಲರ ಜೊತೆ ನೂಕಿದ.
ಪ್ಯಾಂಟನ್ನೂ ಮಡಿಸಿಕೊಳ್ಳಲಿಲ್ಲ.
ತಿದಾ ಅದನ್ನು ಕಣ್ಣಾರೆ ಕಂಡವಳು.
ಹೋದ ವಾರ ಒಣಸಿಂಪಿ ಅಳೆಯುತ್ತಾ ನನ್ನನ್ನೇ ಕೇಳಿದ್ದಳು:
"ಅದು ಗುಣವೋ, ಪೆದ್ದುತನವೋ?"
ಎರಡೂ ಇರಬಹುದು ಎಂದಿದ್ದೆ.
ಮೇಷ್ಟರಿಗೆ ಇನ್ನೇನು ಬರುತ್ತದೆ.

ಸಾಲಿನಲ್ಲಿ ಯಾರೋ ಕೆಮ್ಮಿದರು.
ಮೂರೂ ಏಜೆಂಟರು ಒಟ್ಟಿಗೆ ನನ್ನ ಮುಖ ನೋಡಿದರು.
ಐವತ್ತಮೂರಕ್ಕೆ ಠಿಣ್.
ಹೊರಬಂದು, ತಲೆವಸ್ತ್ರದ ತುದಿಯಿಂದ ಕತ್ತು ಒರೆಸಿಕೊಂಡು,
"ಒಳಗೆ ಬಲೇ ಸೆಕೆ" ಎಂದಳು.

ನಾನು ಎಲ್ಲರ ಕೊನೆಗೆ.
ನೇರಳೆಯವನನ್ನು ಲೆಕ್ಕದಲ್ಲಿ ಎರಡು ಸಲ ಫೇಲು ಮಾಡಿದವನು ನಾನೇ.
ಪ್ರಚಾರಕ್ಕೆ ಬಂದವನು ನನ್ನ ಬಾಗಿಲು ದಾಟಿ
ಪಕ್ಕದ ಮನೆಯಲ್ಲಿ ಚಹಾ ಕುಡಿದ.
ನಾನು ತೀರ್ಮಾನ ಮಾಡಿಕೊಂಡೇ ಹೋಗಿದ್ದೆ,
ಕಾರಣಗಳು ಕರಿಹಲಗೆಯ ಮೇಲೆ ಬರೆದಂತೆ
ಒಂದರ ಕೆಳಗೊಂದು.
ಒಳಗೆ ಹೋದರೆ ಹಲಗೆ ಒರೆಸಿತ್ತು.
ಮೂರು ಮುಖ. ಹೊಸ ಬಣ್ಣದ ವಾಸನೆ.
ಬೆವರಿಗೆ ಜಾರುವ ಗೋಲಿ.
ಎಷ್ಟು ಹೊತ್ತಾಯಿತೋ.
ಎಣಿಸುವವರು ಹೊರಗಿದ್ದರು.

ಸಂಜೆ ಕುಳಿಹಲಗೆಯ ಮೇಲೆ ಸುರಿದೆವು.
ಮೋಮಾರನ ಅವಸರ, ಹುಡುಗನ ಆಸೆ,
ತಿದಾಳ ಐವತ್ತಮೂರು,
ನನ್ನ ಹಳೆಯ ಸಿಟ್ಟು
(ಅಥವಾ ಅದಕ್ಕೆ ಕಟ್ಟಿದ ದಂಡ)
ಕುಳಿಗೊಂದರಂತೆ ಕೂತು
ಒಂದೇ ಥರ ಹೊಳೆದವು.
ಹಲಗೆ ತುಂಬಿದರೆ ಇನ್ನೂರು. ಅಷ್ಟೇ.
ಸಹಿ ಹಾಕಿದೆ.

ರಾತ್ರಿ ಸೈಕಲ್ಲು ಹತ್ತಿ ಮನೆಗೆ ಹೊರಟೆ.
ಬಾವಿಯ ತಿರುವಿನಲ್ಲಿ ಆಡೊಂದು ಅಡ್ಡ ಬಂತು,
ಅಭ್ಯಾಸಬಲ, ಹೆಬ್ಬೆರಳು ಒತ್ತಿಬಿಟ್ಟಿತು:
ಠಿಣ್.

ಕತ್ತಲ ಜಗಲಿಯಿಂದ ತಿದಾಳ ದನಿ,
ನಗು ತಡೆದುಕೊಂಡು:
"ಮೇಷ್ಟ್ರೇ, ಇದು ಯಾರಿಗೆ ಬಿತ್ತು?"

ಆಡು ದಾರಿ ಬಿಡಲಿಲ್ಲ.